ಗಡಿ ದಾಟಿದ ಮಗುವಿಗೆ ಹೊಣೆ ಯಾರು?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಸಭೆಯೆಂದರೆ ಸಂಬಳ, ರಜೆ, ಬೋನಸ್ಸು, ಖೋಲಿಯ ಬಾಡಿಗೆ ಇವುಗಳದೇ ಮಾತು. ಇಂದು ಅವನ್ನು ಒಂದು ಗಳಿಗೆ ಬದಿಗಿಟ್ಟು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ತನ್ನ ದೇಶದ ಗಡಿ ದಾಟಿ ಪರದೇಶದ ನೆಲದ ಮೇಲೆ ನಿಂತ ಮಗುವನ್ನು ಕಾಯುವ ಹೊಣೆ ಯಾರದು? ಹೆತ್ತವರು ದೂರ, ಸರಕಾರ ದೂರ, ನೆರೆಹೊರೆ ದೂರ. ಆ ಮಗು ಯಾರನ್ನು ಕೇಳಬೇಕು?

ಇದು ದೊಡ್ಡವರ ವಿಷಯ, ಸರಕಾರಗಳ ವಿಷಯ, ತಟ್ಟೆ ತೊಳೆಯುವ ನಮಗೂ ನೂಲು ತೆಗೆದ ನಮಗೂ ಇದರಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ಆದರೆ ಊರು ಬಿಟ್ಟು ಬಂದವರ ಸಂಘ ನಮ್ಮದು. ಮೀಸೆ ಮೂಡುವ ಮೊದಲೇ, ಭಾಷೆ ತಿಳಿಯದ ಈ ಮುಂಬಯಿಗೆ, ಯಾರದೋ ಬೆನ್ನು ಹಿಡಿದು ಬಂದವರು ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ. ಅವರು ದಾಟಿದ್ದು ದೇಶದ ಗಡಿಯನ್ನಲ್ಲ ನಿಜ. ಆದರೂ ಹೊಸ ಊರಿನಲ್ಲಿ ಮಗುವೊಂದಕ್ಕೆ ಏನೇನು ಬೇಕಾಗುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಅಂಥ ಮಗುವಿಗೆ ಮೂರು ಬೇಕು. ಹೊಟ್ಟೆಗೆ ಅನ್ನ ಬೇಕು. ಬಾಯಿಗೆ ತನ್ನ ಮಾತು ಬೇಕು. ಮೂರನೆಯದಾಗಿ, ‘ಈ ಮಗುವಿಗೆ ನಾನು ಹೊಣೆ’ ಎಂದು ಕಾಗದದ ಮೇಲೆ ಸಹಿ ಹಾಕುವ ಒಬ್ಬರು ಬೇಕು. ಅನ್ನ ಹಾಕುವವರು ಹೇಗೋ ಸಿಕ್ಕಿಯಾರು. ಸಹಿ ಹಾಕುವವರು ಸಿಗುವುದೇ ಕಷ್ಟ. ಲೋಕದಲ್ಲಿ ನಡೆದುಹೋದ ಕೆಲವು ಸಂಗತಿಗಳಿಂದ ಈ ಮಾತನ್ನು ತಿಳಿಸಲು ಪ್ರಯತ್ನಿಸುತ್ತೇವೆ.

ಮೊದಲಿಗೆ ಒಬ್ಬ ಹೆಂಗಸಿನ ಕತೆ. 1918ರ ನವೆಂಬರಿನಲ್ಲಿ ಮೊದಲನೆಯ ಮಹಾಯುದ್ಧ ನಿಂತಿತು. ತೋಪು ಸುಮ್ಮನಾದರೂ ಬ್ರಿಟನ್ ಮತ್ತು ಅದರ ಮಿತ್ರರು ಜರ್ಮನಿ, ಆಸ್ಟ್ರಿಯಗಳಿಗೆ ಹಾಕಿದ್ದ ಸಮುದ್ರದ ದಿಗ್ಬಂಧನವನ್ನು ತೆಗೆಯಲಿಲ್ಲ. ಸಂಧಿಪತ್ರಕ್ಕೆ ಸಹಿ ಹಾಕಿಸಿಕೊಳ್ಳಲೇಬೇಕೆಂಬ ಹಟ. ವಿಯೆನ್ನಾ ನಗರದಲ್ಲಿ ಹಾಲಿಲ್ಲದೆ ಮಕ್ಕಳು ಎಲುಬಿನ ಗೂಡಾದುವು. ಆಗ ಎಗ್ಲಂಟೈನ್ ಜೆಬ್ ಎಂಬ ಇಂಗ್ಲಿಷ್ ಮಹಿಳೆ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಸಿದ ಆಸ್ಟ್ರಿಯನ್ ಮಗುವಿನ ಚಿತ್ರವಿದ್ದ ಕರಪತ್ರಗಳನ್ನು ಹಂಚಿದಳು. ನಿನ್ನೆಯವರೆಗೆ ತಮ್ಮ ಗಂಡುಮಕ್ಕಳನ್ನು ಕೊಂದ ಶತ್ರುವಿನ ಮಕ್ಕಳಿಗೆ ಅನ್ನ ಕೊಡಿ ಎಂದು ಕೇಳುವುದು ಆ ದಿನಗಳಲ್ಲಿ ಸಣ್ಣ ಧೈರ್ಯವೇ? ಪೊಲೀಸರು ಹಿಡಿದರು. ನ್ಯಾಯಾಲಯ ಐದು ಪೌಂಡು ದಂಡ ಹಾಕಿತು. ಅವಳ ವಿರುದ್ಧ ವಾದಿಸಿದ ಸರಕಾರಿ ವಕೀಲರೇ ಆ ಐದು ಪೌಂಡನ್ನು ತಮ್ಮ ಕಿಸೆಯಿಂದ ಕೊಟ್ಟರೆಂದು ಪ್ರಸಿದ್ಧಿ.

ಅದೇ 1919ರ ಮೇ ತಿಂಗಳಿನಲ್ಲಿ ಜೆಬ್ ಮತ್ತು ಅವಳ ತಂಗಿ ಡೊರೊತಿ ಬಕ್ಸ್‌ಟನ್ ‘ಮಕ್ಕಳನ್ನು ಉಳಿಸಿ’ ಎಂಬ ನಿಧಿಯನ್ನು ತೆರೆದರು. ಆ ನಿಧಿಗೆ ಹಣ ಕೊಟ್ಟವರಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕರ ಒಕ್ಕೂಟವೂ ಸೇರಿತ್ತೆಂಬುದನ್ನು ನಾವು ಮರೆಯಬಾರದು. ನೆಲದಡಿಯಲ್ಲಿ ಕಲ್ಲಿದ್ದಲು ಕಡಿಯುವವನಿಗೆ ವಿಯೆನ್ನಾದ ಮಗು ಪರಕೀಯವೆನಿಸಲಿಲ್ಲ.

ಜೆಬ್ ಅನ್ನ ಕೊಡಿಸಿ ಸುಮ್ಮನೆ ಕೂಡಲಿಲ್ಲ. ದಾನ ಇಂದು ಬಂದೀತು, ನಾಳೆ ನಿಂತೀತು. ನಿಲ್ಲದೆ ನಡೆಯಬೇಕಾದರೆ ಅದು ಮಗುವಿನ ಹಕ್ಕೆಂದು ರಾಷ್ಟ್ರಗಳು ಒಪ್ಪಬೇಕು ಎಂದು ಅವಳಿಗೆ ಕಂಡಿತು. ಐದೇ ಅಂಶಗಳ ಒಂದು ಘೋಷಣೆಯನ್ನು ಸಿದ್ಧಪಡಿಸಿದಳು. ಹಸಿದ ಮಗುವಿಗೆ ಉಣಿಸತಕ್ಕದ್ದು, ಕಾಯಿಲೆಯ ಮಗುವನ್ನು ಉಪಚರಿಸತಕ್ಕದ್ದು, ಸಂಕಟ ಬಂದಾಗ ಮೊದಲು ಮಗುವಿಗೆ ನೆರವಾಗತಕ್ಕದ್ದು, ಹೀಗೆ. ಕುಲ, ದೇಶ, ಧರ್ಮ ಯಾವುದನ್ನೂ ಎಣಿಸದೆ ಎಂಬ ಮಾತು ಅದರ ಮೊದಲಿಗೇ ಇದೆ. 1924ರಲ್ಲಿ ಜಿನೀವಾದಲ್ಲಿ ರಾಷ್ಟ್ರಸಂಘ ಅದನ್ನು ಅಂಗೀಕರಿಸಿತು. ಹೀಗೆ ದಂಡ ತೆತ್ತ ಹೆಂಗಸಿನ ಮಾತು ಐದು ವರ್ಷಗಳಲ್ಲಿ ಲೋಕದ ಮಾತಾಯಿತು.

ಆದರೆ ಘೋಷಣೆ ಕಾಗದದ ಮೇಲಿದ್ದರೆ ಸಾಲದು. ಹದಿನೈದು ವರ್ಷ ಕಳೆಯುವುದರೊಳಗೆ ಎರಡನೆಯ ಯುದ್ಧ ಬಂತು. ಇನ್ನು ಹೇಳುವ ಸಂಗತಿ ನಮ್ಮ ದೇಶದಲ್ಲೇ ನಡೆದದ್ದು, ನಮ್ಮ ಮುಂಬಯಿಯ ಮೂಲಕ ಹಾದುಹೋದದ್ದು.

1939ರ ಸೆಪ್ಟೆಂಬರಿನಲ್ಲಿ ಪಶ್ಚಿಮದಿಂದ ಜರ್ಮನಿ, ಪೂರ್ವದಿಂದ ಸೋವಿಯತ್ ರಷ್ಯ ಪೋಲೆಂಡ್ ದೇಶವನ್ನು ಹಂಚಿಕೊಂಡವು. ಪೂರ್ವದ ಭಾಗದಿಂದ ಲಕ್ಷಗಟ್ಟಲೆ ಜನರನ್ನು ಸಾಮಾನಿನ ರೈಲುಡಬ್ಬಿಗಳಲ್ಲಿ ತುಂಬಿ ಸೈಬೀರಿಯಕ್ಕೂ ಕಜಕಸ್ತಾನಕ್ಕೂ ಸಾಗಿಸಿದರು. ಚಳಿ, ಹಸಿವು, ವಿಷಮಜ್ವರಗಳಿಂದ ಹಿರಿಯರು ಸತ್ತರು, ಮಕ್ಕಳು ತಬ್ಬಲಿಗಳಾದರು. 1941ರಲ್ಲಿ ಜರ್ಮನಿ ರಷ್ಯದ ಮೇಲೆಯೇ ಬಿದ್ದಾಗ ರಷ್ಯಕ್ಕೂ ಲಂಡನ್ನಿನಲ್ಲಿದ್ದ ಪೋಲೆಂಡ್ ಸರಕಾರಕ್ಕೂ ಒಪ್ಪಂದವಾಗಿ ಈ ಜನಕ್ಕೆ ಬಿಡುಗಡೆ ಸಿಕ್ಕಿತು. ಬಿಡುಗಡೆಯೇನೋ ಸಿಕ್ಕಿತು, ಹೋಗುವುದೆಲ್ಲಿಗೆ? ಊರು ಶತ್ರುವಿನ ಕೈಯಲ್ಲಿದೆ. ಯುದ್ಧದ ನಡುವೆ ಪರರ ಮಕ್ಕಳನ್ನು ಸೇರಿಸಿಕೊಳ್ಳುವ ದೇಶ ಯಾವುದು?

ಆಗ ಮುಂದೆ ಬಂದವರಲ್ಲಿ ಒಬ್ಬರು ಕಾಠೇವಾಡದ ನವಾನಗರ ಸಂಸ್ಥಾನದ ಜಾಮ್ ಸಾಹೇಬರಾದ ದಿಗ್ವಿಜಯಸಿಂಹಜಿ. ರಣಜಿ ಟ್ರೋಫಿ ಎಂಬ ಪಂದ್ಯ ಯಾರ ಹೆಸರಿನಲ್ಲಿ ನಡೆಯುತ್ತದೆಯೋ ಆ ರಣಜಿತ್‌ಸಿಂಹಜಿಯವರ ಅಣ್ಣತಮ್ಮಂದಿರ ಮಗ ಇವರು, ದತ್ತುಪುತ್ರ. ತಾವೇ ದತ್ತಾಗಿ ಬಂದವರು, ಪರರ ಮಕ್ಕಳಿಗೆ ಮನೆ ತೆರೆದರು.

ಮುಂಬಯಿಯಲ್ಲಿದ್ದ ಪೋಲೆಂಡಿನ ರಾಯಭಾರ ಅಧಿಕಾರಿ ಬನಸಿನ್‌ಸ್ಕಿ ಮತ್ತು ಅವರ ಪತ್ನಿ ಕೀರಾ ಈ ಕೆಲಸಕ್ಕೆ ಟೊಂಕ ಕಟ್ಟಿದರು. ಇಲ್ಲಿಂದ ಪರಿಹಾರ ಸಾಮಗ್ರಿ ಹೊತ್ತು ಹೋದ ಲಾರಿಗಳು ಹಿಂದಿರುಗುವಾಗ ಮಕ್ಕಳನ್ನು ತಂದವು. ಅಶ್ಕಾಬಾದಿನಿಂದ ಇರಾನಿನ ಬೆಟ್ಟಗುಡ್ಡ ಮರಳುಗಾಡುಗಳನ್ನು ದಾಟಿ ಕ್ವೆಟ್ಟಾಕ್ಕೆ, ಅಲ್ಲಿಂದ ರೈಲಿನಲ್ಲಿ ಮುಂಬಯಿಗೆ. 1942ರ ಬೇಸಗೆಯಲ್ಲಿ ಮೊದಲ ತಂಡದ ಮಕ್ಕಳು ಕೆಲಕಾಲ ಇಲ್ಲಿನ ಬಾಂದ್ರಾದಲ್ಲಿ ತಂಗಿ ಮೈಗೆ ಚೈತನ್ಯ ತಂದುಕೊಂಡರು. ಬಳಿಕ ಜಾಮ್‌ನಗರದ ಹತ್ತಿರ ಸಮುದ್ರದ ದಂಡೆಯ ಬಾಲಾಚಡಿ ಎಂಬಲ್ಲಿ ಅವರಿಗಾಗಿ ಕಟ್ಟಿಸಿದ ಶಿಬಿರಕ್ಕೆ ಹೋದರು. ತಂಡದ ಮೇಲೆ ತಂಡ ಬಂದು ನೂರಾರು ಮಕ್ಕಳು ಅಲ್ಲಿ ಬೆಳೆದರು. 1943ರಲ್ಲಿ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ ಇನ್ನೂ ದೊಡ್ಡ ಶಿಬಿರವೆದ್ದಿತು. ನಮ್ಮ ಬೆಳಗಾವಿ ಸೀಮೆಗೆ ಅದು ನೆರೆಯೂರು. ಸುಮಾರು 5,000 ಜನ, ಹೆಚ್ಚಿನವರು ಹೆಂಗಸರು ಮಕ್ಕಳು, 1948ರವರೆಗೆ ಅಲ್ಲಿ ಬಾಳಿದರು.

ಈ ಶಿಬಿರಗಳಲ್ಲಿ ನಾವು ಮೊದಲು ಹೇಳಿದ ಮೂರೂ ಇದ್ದುವು ಎಂಬುದೇ ದೊಡ್ಡ ಮಾತು.

ಅನ್ನದ ಮಾತನ್ನು ಹೋಟೆಲಿನವರಾದ ನಾವು ಮೆಚ್ಚಿಕೊಳ್ಳಬೇಕು. ನಮ್ಮ ಖಾರದ ಅಡುಗೆ ಆ ಮಕ್ಕಳಿಗೆ ಹಿಡಿಸದಿದ್ದಾಗ ಗೋವೆಯಿಂದ ಅಡುಗೆಯವರನ್ನು ಕರೆಸಿದರೆಂದು ಅಲ್ಲಿ ಬೆಳೆದವರು ಮುಂದೆ ನೆನೆಸಿಕೊಂಡಿದ್ದಾರೆ. ದಿನವೂ ಪಾಲಕ್ ಸೊಪ್ಪನ್ನೇ ಬಡಿಸಿದ್ದಕ್ಕೆ ಮಕ್ಕಳು ಮುಷ್ಕರ ಹೂಡಿದ್ದೂ, ಜಾಮ್ ಸಾಹೇಬರು ಆ ಸೊಪ್ಪನ್ನು ನಿಲ್ಲಿಸಿದ್ದೂ ಅವರ ನೆನಪಿನಲ್ಲಿದೆ. ಮುಷ್ಕರವನ್ನು ಗೆದ್ದವರಲ್ಲಿ ಇವರಷ್ಟು ಚಿಕ್ಕವರು ಬೇರೆ ಇರಲಾರರು. ತಮಾಷೆ ಹಾಗಿರಲಿ. ಹಂಗಿನ ಅನ್ನ ಉಣ್ಣುವವನು ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣುತ್ತಾನೆ. ತನ್ನ ಮನೆಯೆಂದುಕೊಂಡ ಮಗು ಮಾತ್ರ ‘ಇದು ನನಗೆ ಬೇಡ’ ಎನ್ನುತ್ತದೆ.

ಭಾಷೆಯ ಮಾತೂ ಹಾಗೆಯೇ. ಶಾಲೆ ಪೋಲಿಷ್ ಭಾಷೆಯಲ್ಲಿ ನಡೆಯಿತು, ಪ್ರಾರ್ಥನೆ ಅವರ ಚರ್ಚಿನಲ್ಲಿ ನಡೆಯಿತು, ಅವರ ಹಾಡು, ಕುಣಿತ, ಹಬ್ಬಗಳು ನಡೆದುವು. ಅನ್ನ ಕೊಟ್ಟೆವೆಂದು ಯಾರೂ ಅವರ ಮಾತನ್ನು ಕಿತ್ತುಕೊಳ್ಳಲಿಲ್ಲ. ಹಗಲು ದುಡಿದು ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತ ನಮ್ಮ ಹಿರಿಯರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸಹಿಯ ಮಾತು. ಯುದ್ಧ ಮುಗಿದ ಮೇಲೆ ಪೋಲೆಂಡಿನ ಗಡಿಗಳೇ ಬದಲಾದವು. ಅನೇಕ ಮಕ್ಕಳ ಊರು ರಷ್ಯದ ಪಾಲಾಗಿತ್ತು. ವಾರ್ಸಾದಲ್ಲಿ ಹೊಸ ಸರಕಾರ ಬಂದಿತ್ತು. ಮಕ್ಕಳನ್ನು ಅವರ ಇಚ್ಛೆ ಕೇಳದೆ ಅಲ್ಲಿಗೆ ಕಳಿಸಿಬಿಟ್ಟಾರು ಎಂಬ ಭಯ ಶಿಬಿರವನ್ನು ಹಿಡಿಯಿತು. ಆಗ ಜಾಮ್ ಸಾಹೇಬರೂ, ಶಿಬಿರದ ಪಾದ್ರಿ ಪ್ಲೂತಾ ಅವರೂ, ಒಬ್ಬ ಬ್ರಿಟಿಷ್ ಅಧಿಕಾರಿಯೂ ಕೂಡಿ ತಬ್ಬಲಿ ಮಕ್ಕಳನ್ನು ಕಾನೂನಿನ ಪ್ರಕಾರ ತಮ್ಮ ಮಕ್ಕಳೆಂದು ಬರೆಸಿಕೊಂಡರೆಂದು ಶಿಬಿರದ ಇತಿಹಾಸ ಬರೆದವರು ಹೇಳುತ್ತಾರೆ. ಅನ್ನ ನಾಲ್ಕು ವರ್ಷ ಕಾಯಿತು. ಕೊನೆಗೆ ಕಾದದ್ದು ಆ ಒಂದು ಕಾಗದ. ಅಮ್ಮ ಅಪ್ಪ ಬದುಕಿದ್ದ ಕೆಲವರು ಅವರಲ್ಲಿಗೆ ಹೋದರು. ಉಳಿದವರು ಇಂಗ್ಲೆಂಡು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ನೆಲೆ ಕಂಡರು. ಇಂದು ವಾರ್ಸಾ ನಗರದಲ್ಲಿ ‘ಒಳ್ಳೆಯ ಮಹಾರಾಜ’ನ ಹೆಸರಿನ ಒಂದು ಚೌಕವಿದೆ. ಕೊಲ್ಹಾಪುರದ ಉಪಕಾರಕ್ಕೂ ಅಲ್ಲಿ ಒಂದು ಸ್ಮಾರಕವಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಬಾಲಾಚಡಿಯಲ್ಲಿ ಪೋಲೆಂಡಿನ ಮಕ್ಕಳು ಉಣ್ಣುತ್ತಿದ್ದಾಗಲೇ, 1943ರಲ್ಲಿ, ಬಂಗಾಳದ ಬೀದಿಗಳಲ್ಲಿ ನಮ್ಮ ಮಕ್ಕಳು ಗಂಜಿಗೆ ಬೇಡುತ್ತ ಸತ್ತರು. ಆ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷವೆಂದು ಲೆಕ್ಕ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದ ಹಾಗಾಗಲಿಲ್ಲವೆ?

ಇಲ್ಲವೆಂದೇ ನಮ್ಮ ಉತ್ತರ. ಬಂಗಾಳದ ಅನ್ನವನ್ನು ಕಸಿದದ್ದು ಪೋಲೆಂಡಿನ ಮಗುವಲ್ಲ. ಬರ್ಮಾದ ಅಕ್ಕಿ ನಿಂತದ್ದು, ಯುದ್ಧದ ನೆಪದಲ್ಲಿ ದೋಣಿಗಳನ್ನೂ ದಾಸ್ತಾನನ್ನೂ ಕಸಿದುಕೊಂಡದ್ದು, ಸಾಹುಕಾರರು ಅಕ್ಕಿಯನ್ನು ಕೂಡಿಟ್ಟದ್ದು, ಬೆಲೆ ಕೂಲಿಯವನ ಕೈಗೆ ಎಟುಕದೆ ಹೋದದ್ದು, ಆಳುವವರು ಕಣ್ಣು ಮುಚ್ಚಿಕೊಂಡದ್ದು, ಇವು ಕಾರಣ. ಹಸಿದವನ ಸಿಟ್ಟನ್ನು ಪಕ್ಕದ ಹಸಿದವನ ಕಡೆಗೆ ತಿರುಗಿಸುವುದು ಒಡೆಯರ ಹಳೆಯ ಉಪಾಯ. ಕೂಲಿ ಕೇಳಿದಾಗ ‘ಹೊರಗಿನವರು ಬಂದು ನಿಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ’ ಎಂದು ಬೆದರಿಸಿದ್ದನ್ನು ನಾವೂ ಕೇಳಿದ್ದೇವೆ. ಈ ಊರಿನಲ್ಲಿ ನಮ್ಮನ್ನೇ ಹೊರಗಿನವರೆಂದು ಕರೆದದ್ದನ್ನೂ ಕೇಳಿದ್ದೇವೆ. ಬಾಲಾಚಡಿಯ ಮಕ್ಕಳಿಗೆ ಸಿಕ್ಕಿದ್ದು ಬಂಗಾಳದ ಮಕ್ಕಳಿಗೂ ಸಿಗಬೇಕಾಗಿತ್ತು ಎಂಬುದೇ ಇದರಿಂದ ಕಲಿಯಬೇಕಾದ ಪಾಠ. ಒಬ್ಬರಿಗೆ ಕೊಟ್ಟದ್ದು ತಪ್ಪೆಂಬುದು ಪಾಠವಲ್ಲ.

ಒಬ್ಬ ಮಹಾರಾಜನ ಮನಸ್ಸು ಒಳ್ಳೆಯದಿದ್ದರೆ ಕೆಲವು ನೂರು ಮಕ್ಕಳು ಉಳಿದಾರು. ಮಹಾರಾಜ ಇಲ್ಲದ ಕಡೆ? ಅದಕ್ಕಾಗಿಯೇ ಕಾನೂನು. 1959ರ ನವೆಂಬರ್ 20ರಂದು ವಿಶ್ವಸಂಸ್ಥೆ ಹತ್ತು ತತ್ತ್ವಗಳ ಮಕ್ಕಳ ಹಕ್ಕುಗಳ ಘೋಷಣೆಯನ್ನು ಹೊರಡಿಸಿತು. ಸರಿಯಾಗಿ ಮೂವತ್ತು ವರ್ಷದ ಬಳಿಕ, 1989ರ ಅದೇ ದಿನ, ದೇಶಗಳನ್ನು ಕಟ್ಟುಹಾಕುವ ಒಡಂಬಡಿಕೆಯನ್ನು ಅಂಗೀಕರಿಸಿತು. ನಮ್ಮ ದೇಶ 1992ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿತು. ಅಮೆರಿಕವೊಂದನ್ನು ಬಿಟ್ಟರೆ ವಿಶ್ವಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಅದಕ್ಕೆ ಬದ್ಧವಾಗಿವೆ. ಅದರ ಎರಡನೆಯ ವಿಧಿಯನ್ನು ನಾವೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದು ದೇಶದ ಆಡಳಿತದೊಳಗಿರುವ ಪ್ರತಿಯೊಂದು ಮಗುವಿಗೂ, ಅದು ಯಾವ ನಾಡಿನಲ್ಲೇ ಹುಟ್ಟಿರಲಿ, ಆ ದೇಶವೇ ಹೊಣೆ. ಅಂದರೆ ಗಡಿ ದಾಟಿದ ಮಾತ್ರಕ್ಕೆ ಮಗುವಿನ ಹಕ್ಕು ಗಡಿಯ ಆಚೆ ಉಳಿಯುವುದಿಲ್ಲ.

ಗಡಿ ದಾಟಿ ಒಳಗೆ ಬರುವ ಮಗುವಿನ ಹಾಗೆ ಹೊರಗೆ ಹೋಗುವ ಮಗುವೂ ಉಂಟು. ನಮ್ಮ ಬಡವರ ಕೂಸುಗಳನ್ನು ಹೊರದೇಶದವರಿಗೆ ದತ್ತು ಕೊಡುವುದರಲ್ಲಿ ಹಣದ ವ್ಯವಹಾರ ನಡೆಯುತ್ತಿದೆಯೆಂದು 1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟು ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡಿತು. 1984ರಲ್ಲಿ ನ್ಯಾಯಮೂರ್ತಿ ಭಗವತಿಯವರು ತೀರ್ಪು ಕೊಟ್ಟರು. ಮಗುವಿಗೆ ಮೊದಲು ನಮ್ಮ ದೇಶದಲ್ಲೇ ಮನೆ ಹುಡುಕಬೇಕು, ಸಿಗದಿದ್ದರೆ ಮಾತ್ರ ಹೊರದೇಶ. ಹೆತ್ತವಳನ್ನು ಒತ್ತಾಯಪಡಿಸಕೂಡದು, ಮನಸ್ಸು ಬದಲಿಸಲು ಅವಳಿಗೆ ಕಾಲಾವಕಾಶ ಕೊಡಬೇಕು. ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ನಡೆಯಬೇಕು. ಇಂದಿನ ಕಾನೂನಿನಲ್ಲಿ ಆ ಅವಧಿ 60 ದಿನ. 1993ರಲ್ಲಿ ಹೇಗ್ ನಗರದಲ್ಲಿ ಇದೇ ದಾರಿಯ ಒಂದು ಅಂತರರಾಷ್ಟ್ರೀಯ ಒಡಂಬಡಿಕೆಯಾಯಿತು. ಭಾರತ 2003ರಲ್ಲಿ ಅದನ್ನು ಅನುಮೋದಿಸಿತು. ಇಲ್ಲಿಯೂ ಸಹಿಯದೇ ಮಾತು ನೋಡಿ. ತಾಯಿ ತಿಳಿದು ಹಾಕಿದ ಸಹಿ ಬೇರೆ, ತಿಳಿಯದೆ ಒತ್ತಿದ ಹೆಬ್ಬೆಟ್ಟು ಬೇರೆ.

ಗಿರಣಿಯಲ್ಲಿ ದುಡಿದವರಿಗೂ ಒಂದು ಮಾತು ಹೇಳಬೇಕು. 1881ರ ಮೊದಲ ಕಾರಖಾನೆ ಕಾಯಿದೆ ಏಳು ವರ್ಷ ತುಂಬಿದ ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಲು ಬಿಟ್ಟಿತ್ತು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಕೂಡಿತು. ನಮ್ಮ ಕಾರ್ಮಿಕರ ಪರವಾಗಿ ಹೋದವರು ಎನ್. ಎಂ. ಜೋಶಿಯವರು. ಹದಿನಾಲ್ಕು ತುಂಬುವ ಮೊದಲು ಕಾರಖಾನೆಗೆ ಸೇರಿಸಕೂಡದೆಂಬ ಸಾಮಾನ್ಯ ನಿಯಮ ಅಲ್ಲಿ ಆಯಿತು. ಆದರೆ ಭಾರತಕ್ಕೆ ಮಾತ್ರ ಪ್ರತ್ಯೇಕ ವಿಧಿ, ಹನ್ನೆರಡು ಸಾಕೆಂದು! ಗಡಿಯ ಈಚೆ ಹುಟ್ಟಿದ್ದಕ್ಕೆ ನಮ್ಮ ಮಗುವಿನ ಬಾಲ್ಯದಿಂದ ಎರಡು ವರ್ಷ ಕತ್ತರಿಸಿದರು. ಆ ಎರಡು ವರ್ಷವನ್ನು ನಾವು ಕಾರಖಾನೆಯಲ್ಲಿ ಮರಳಿ ಪಡೆದದ್ದು ಸ್ವತಂತ್ರ ಭಾರತದ 1948ರ ಕಾಯಿದೆಯಲ್ಲಿ. ಗಡಿಯ ಹೆಸರಿನಲ್ಲಿ ಮಗುವಿಗೆ ಆಗುವ ಅನ್ಯಾಯದ ರುಚಿ ನಮಗೆ ಗೊತ್ತು.

ಹಾಗಾದರೆ ಇಂದು ನಾವೇನು ಮಾಡಬಹುದು? ಜಿನೀವಾಕ್ಕೆ ಹೋಗಬೇಕಾಗಿಲ್ಲ. ಗಡಿ ದಾಟಿದ ಮಗು ನಮ್ಮ ಹೋಟೆಲಿನ ಹಿಂಬಾಗಿಲಲ್ಲೇ ಇರಬಹುದು. 1950ರ ಒಪ್ಪಂದದಂತೆ ನೇಪಾಳದವರು ನಮ್ಮಲ್ಲಿಗೆ ಬರಲು ಪರವಾನಗಿ ಬೇಕಿಲ್ಲ. ಬಂದು ದುಡಿಯುವ ಹಿರಿಯರು ನಮ್ಮ ಅಣ್ಣತಮ್ಮಂದಿರು, ಸಂಘದ ಬಾಗಿಲು ಅವರಿಗೆ ತೆರೆದಿದೆ. ಆದರೆ ಅವರ ಜೊತೆಯಲ್ಲೋ, ದಲ್ಲಾಳಿಯ ಕೈಹಿಡಿದೋ ಬಂದ ಮಗುವೊಂದು ನಡುರಾತ್ರಿಯವರೆಗೆ ಪಾತ್ರೆ ತಿಕ್ಕುತ್ತಿದ್ದರೆ, ಅದು ನಮ್ಮ ಕಣ್ಣಿಗೆ ಬೀಳಬೇಕು. 2006ರ ಅಕ್ಟೋಬರ್ 10ರಿಂದ ಹೋಟೆಲು, ಚಹದಂಗಡಿ, ಮನೆಗೆಲಸಗಳಲ್ಲಿ ಹದಿನಾಲ್ಕರೊಳಗಿನವರನ್ನು ದುಡಿಸುವುದಕ್ಕೆ ನಿಷೇಧವಿದೆ. 2016ರ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿದೆ.

‘ಪಾಪ, ಬಿಟ್ಟರೆ ಅವನ ಮನೆಯವರು ಉಪವಾಸ’ ಎನ್ನುವವರಿದ್ದಾರೆ. ಅವರ ಕರುಣೆ ನಿಜವಾದದ್ದೇ ಇರಬಹುದು. ಆದರೆ ಮಗು ದುಡಿದು ಮನೆ ಸಾಕಬೇಕಾದರೆ ದೊಡ್ಡವರಿಗೆ ಸಿಗುವ ಕೂಲಿ ಸಾಲದೆಂದು ಅರ್ಥ. ಅದಕ್ಕೆ ಔಷಧಿ ದೊಡ್ಡವರ ಕೂಲಿ ಏರಿಸುವುದು. ‘ಕೈಗೆ ನೂರು ರೂಪಾಯಿ ಕೊಟ್ಟು ರೈಲು ಹತ್ತಿಸಿಬಿಟ್ಟೆವು’ ಎನ್ನುವವರೂ ಇದ್ದಾರೆ. ಅದು ರಕ್ಷಣೆಯಲ್ಲ, ಕೈ ತೊಳೆದುಕೊಳ್ಳುವುದು. ಮುಂದಿನ ನಿಲ್ದಾಣದಲ್ಲಿ ಇನ್ನೊಬ್ಬ ದಲ್ಲಾಳಿ ಕಾದಿರುತ್ತಾನೆ.

ಸರಿಯಾದ ದಾರಿ ಇದು. ಅವನ ಹೆಸರು, ಊರು, ಭಾಷೆ ಕೇಳಿರಿ. ಅವನ ಮಾತು ಬಲ್ಲ ಹಿರಿಯನೊಬ್ಬನನ್ನು ಕರೆದು ಮಾತಾಡಿಸಿರಿ. ಹೆದರಿಸಬೇಡಿರಿ. 1098 ಎಂಬ ಸಂಖ್ಯೆಗೆ ಫೋನು ಮಾಡಿರಿ. ಆ ಕರೆಗೆ ಕಾಸು ಬೀಳುವುದಿಲ್ಲ. ಸಿಕ್ಕ ಮಗುವನ್ನು, ಪ್ರಯಾಣದ ಹೊತ್ತನ್ನು ಬಿಟ್ಟು, 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು ಕಾನೂನಿದೆ. ಮನೆಯವರನ್ನು ಹುಡುಕುವುದು, ಸುರಕ್ಷಿತವಾಗಿ ಮುಟ್ಟಿಸುವುದು, ಮುಟ್ಟಿಸಲಾಗದಿದ್ದರೆ ನೆಲೆ ಕಾಣಿಸುವುದು ಅದರ ಕೆಲಸ. ಒಬ್ಬೊಬ್ಬರೇ ಮಾಡಲು ಕೆಲಸ ಹೋದೀತೆಂಬ ಅಂಜಿಕೆ ಇದ್ದರೆ ಸಂಘದ ಕಚೇರಿಗೆ ಬಂದು ಹೇಳಿರಿ. ಸಂಘ ತನ್ನ ಹೆಸರಿನಲ್ಲಿ ಬರೆಯುತ್ತದೆ, ಸಹಿ ಹಾಕುತ್ತದೆ. ಸಂಘವಿರುವುದು ಇನ್ನೇತಕ್ಕೆ?

ನಮ್ಮವರಲ್ಲಿ ಕೊಲ್ಲಿ ದೇಶಗಳಿಗೆ ಹೋಗುವ ಕುಟುಂಬಗಳಿಗೂ ಒಂದು ವಿನಂತಿ. ಮಗುವಿನ ಜನನ ಪತ್ರ ಮಾಡಿಸಿರಿ, ಪಾಸ್‌ಪೋರ್ಟನ್ನು ಪರರ ಕೈಗೆ ಬಿಡಬೇಡಿರಿ. ಪರದೇಶದಲ್ಲಿ ಆ ಎರಡು ಕಾಗದಗಳೇ ಮಗುವಿನ ಊರು, ಮನೆತನ ಎಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯೂನಿಸೆಫ್ 2025ರಲ್ಲಿ ಕೊಟ್ಟ ಲೆಕ್ಕದಂತೆ ಲೋಕದಲ್ಲಿ ಇನ್ನೂ ಸುಮಾರು 13 ಕೋಟಿ 80 ಲಕ್ಷ ಮಕ್ಕಳು ದುಡಿಮೆಯಲ್ಲಿದ್ದಾರೆ. 2000ದಲ್ಲಿ ಇದು 24 ಕೋಟಿಗೂ ಹೆಚ್ಚಿತ್ತು. ಇಳಿದಿದೆ, ಆದರೆ ತಾನಾಗಿ ಇಳಿಯಲಿಲ್ಲ. ಎಲ್ಲೆಲ್ಲೋ ಯಾರೋ ಒಬ್ಬರು ಪರರ ಮಗುವಿಗೆ ‘ನಾನು ಹೊಣೆ’ ಎಂದದ್ದರಿಂದ ಇಳಿಯಿತು. ಅವರಲ್ಲಿ ಮಹಾರಾಜರಿದ್ದರು, ನ್ಯಾಯಾಧೀಶರಿದ್ದರು, ಗಣಿ ಕಾರ್ಮಿಕರೂ ಇದ್ದರು. ಆ ಪಟ್ಟಿಯಲ್ಲಿ ಮುಂಬಯಿಯ ಕನ್ನಡ ಕಾರ್ಮಿಕರ ಹೆಸರೂ ಸೇರಲೆಂದು ಕೋರಿ ಈ ಮಾತುಗಳನ್ನು ಮುಗಿಸುತ್ತೇವೆ.